ಐದು ಲಕ್ಷ, ಹದಿನೇಳು ಲಕ್ಷ: ಜಿಡಾಲ್, ಕ್ಯೂಜಿಐಎಸ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ನಕ್ಷೆ ಕೆಲಸ ಕಲಿಯುವ ಹುಡುಗರು ನನಗೆ ವಾಟ್ಸಾಪಿನಲ್ಲಿ ಕಳಿಸುವುದು ಬರೀ ಸ್ಕ್ರೀನ್‌ಶಾಟ್. ಖಾಲಿ ಬಿಳಿ ಪರದೆ, ಅದರ ಕೆಳಗೆ ಒಂದು ಸಾಲು: "ಅಕ್ಕಾರ, ನಕಾಶಿ ಕಾಣವಲ್ದ್ರಿ." ಬಿಳಿ ಪರದೆ ನೋಡಿ ನಾನೇನು ಹೇಳಲಿ? "ಎಕ್ಸ್‌ಟೆಂಟ್ ಅಂಕಿ ಓದಿ ಹೇಳಪ್ಪಾ" ಅನ್ನುತ್ತೇನೆ. ನಕ್ಷೆ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂದು ಹೇಳುವ ಅಂಕಿಗಳು ಅವು. ಎಷ್ಟೋ ಸಲ ಅಲ್ಲಿಗೇ ಉತ್ತರ ಸಿಕ್ಕಿಬಿಡುತ್ತದೆ.

ನಾನು ಹುಬ್ಬಳ್ಳಿಯ ಉಣಕಲ್ ಹತ್ತಿರ ಕೂತು ಗದಗ, ಹಾವೇರಿ ಕಡೆಯ ಕೆರೆ, ಹಳ್ಳ, ಬೆಳೆಗಳ ನಕ್ಷೆ ಮಾಡುತ್ತೇನೆ. ನೋಡಲು ಕ್ಯೂಜಿಐಎಸ್, ಫೈಲುಗಳನ್ನು ಕತ್ತರಿಸಿ, ಜೋಡಿಸಿ, ಬದಲಿಸಲು ಜಿಡಾಲ್. ಎರಡೂ ಓಪನ್ ಸೋರ್ಸ್ ಸಾಫ್ಟ್‌ವೇರ್. ಜಿಡಾಲ್ ಅನ್ನು 1998ರಲ್ಲಿ ಫ್ರಾಂಕ್ ವಾರ್ಮರ್‌ಡ್ಯಾಮ್ ಶುರು ಮಾಡಿದರು. ಉಪಗ್ರಹ ಚಿತ್ರ, ಎತ್ತರದ ಮಾದರಿಗಳಂಥ ರಾಸ್ಟರ್ ಡೇಟಾ ಅದರ ಒಂದು ಭಾಗ. ಬಿಂದು, ಗೆರೆ, ಹೊಲದ ಗಡಿಗಳಂಥ ವೆಕ್ಟರ್ ಡೇಟಾ ನೋಡಿಕೊಳ್ಳುವ ಭಾಗಕ್ಕೆ ಓಜಿಆರ್ ಎಂದು ಹೆಸರು. ಕ್ಯೂಜಿಐಎಸ್ ಕೂಡ ಹೆಚ್ಚಿನ ಫೈಲುಗಳನ್ನು ತೆರೆಯುವುದು ಇದರ ಮೂಲಕವೇ. ಹಾಗಾಗಿ ಕ್ಯೂಜಿಐಎಸ್‌ನಲ್ಲಿ ಏನಾದರೂ ಕೆಟ್ಟರೆ ಒಂದು ಮೆಟ್ಟಿಲು ಕೆಳಗಿಳಿದು ಫೈಲನ್ನೇ ವಿಚಾರಿಸಬೇಕು.

ಒಂದು ಮಾತು. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಜಿಡಾಲ್ ಅಂದರೆ ಜಿ, ಡಿ, ಎ, ಎಲ್.

ಮೊದಲು ಅಂಕಿ, ಆಮೇಲೆ ಚಿತ್ರ

ರಾಸ್ಟರ್ ಆದರೆ ಜಿಡಾಲ್‌ಇನ್ಫೋ, ಪಕ್ಕದಲ್ಲಿ ಫೈಲಿನ ಹೆಸರು. ವೆಕ್ಟರ್ ಆದರೆ ಓಜಿಆರ್‌ಇನ್ಫೋ -ಎಸ್‌ಒ -ಎಎಲ್, ಪಕ್ಕದಲ್ಲಿ ಫೈಲಿನ ಹೆಸರು. ವಿಂಡೋಸ್‌ನಲ್ಲಿ ಕ್ಯೂಜಿಐಎಸ್ ಹಾಕಿಕೊಂಡಾಗ ಓಎಸ್‌ಜಿಯೋ4ಡಬ್ಲ್ಯು ಶೆಲ್ ಅನ್ನುವ ಕಪ್ಪು ಕಿಟಕಿಯೂ ಜೊತೆಗೇ ಬರುತ್ತದೆ. ಇವನ್ನು ಅಲ್ಲೇ ಓಡಿಸಿ. ಬರುವ ಉತ್ತರದಲ್ಲಿ ಎರಡು ವಿಷಯ ನೋಡಿ: ಕೋಆರ್ಡಿನೇಟ್ ಸಿಸ್ಟಮ್ (ಜಾಗಕ್ಕೆ ಅಂಕಿ ಕೊಡುವ ಕ್ರಮ) ಯಾವುದು ಎಂದು ಬರೆದಿದೆ, ಮತ್ತು ಮೂಲೆಗಳ ಅಂಕಿ ಎಷ್ಟಿದೆ. ಇವೆರಡೂ ಒಂದಕ್ಕೊಂದು ಹೊಂದಬೇಕು.

ಹೊಂದುತ್ತದೋ ಇಲ್ಲವೋ ಎಂದು ತಿಳಿಯಲು ನಮ್ಮ ಕಡೆಯ ಅಂಕಿಗಳು ಬಾಯಿಪಾಠ ಇರಬೇಕು. ಇದರಲ್ಲಿ ಧಾರವಾಡದವರ ನಸೀಬು ಚಲೋ ಇದೆ. ಯುಟಿಎಂ ಅಂದರೆ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಸೀಳಿ ಮೀಟರಿನಲ್ಲಿ ಅಳೆಯುವ ಕ್ರಮ. ಅದರ 43 ಉತ್ತರ ವಲಯ 72ರಿಂದ 78 ಡಿಗ್ರಿ ರೇಖಾಂಶದವರೆಗೆ ಹಬ್ಬಿದೆ. ಅದರ ನಡುಗೆರೆ 75 ಡಿಗ್ರಿ, ಆ ಗೆರೆ ಹೆಚ್ಚುಕಡಿಮೆ ಧಾರವಾಡದ ಮೇಲೇ ಹಾದುಹೋಗುತ್ತದೆ. ನಡುಗೆರೆಗೆ ಯುಟಿಎಂ ಕೊಡುವ ಬೆಲೆ 5 ಲಕ್ಷ ಮೀಟರ್. ಅಂದರೆ ಧಾರವಾಡದ ಈಸ್ಟಿಂಗ್ (ಪೂರ್ವ-ಪಶ್ಚಿಮದ ಅಳತೆ) 5 ಲಕ್ಷದ ಆಸುಪಾಸು, ನಾರ್ದಿಂಗ್ (ಸಮಭಾಜಕ ವೃತ್ತದಿಂದ ಉತ್ತರಕ್ಕೆ ಅಳತೆ) ಸುಮಾರು 17 ಲಕ್ಷ 10 ಸಾವಿರ. ಹುಬ್ಬಳ್ಳಿ 5 ಲಕ್ಷ 13 ಸಾವಿರ, 17 ಲಕ್ಷಕ್ಕೆ ಸ್ವಲ್ಪ ಕಡಿಮೆ. ಗದಗ 5 ಲಕ್ಷ 67 ಸಾವಿರದ ಹತ್ತಿರ. ಹಾವೇರಿ ಸುಮಾರು 5 ಲಕ್ಷ 43 ಸಾವಿರ, ದಕ್ಷಿಣಕ್ಕೆ ಇರುವುದರಿಂದ ನಾರ್ದಿಂಗ್ 16 ಲಕ್ಷ 36 ಸಾವಿರಕ್ಕೆ ಇಳಿಯುತ್ತದೆ. ಅಳ್ನಾವರ ನಡುಗೆರೆಯ ಪಶ್ಚಿಮಕ್ಕಿದೆ, ಅಲ್ಲಿ ಈಸ್ಟಿಂಗ್ 5 ಲಕ್ಷಕ್ಕಿಂತ ಕಡಿಮೆ.

ಪ್ರತಿ ಸಿಸ್ಟಮ್‌ಗೂ ಒಂದು ಕೋಡ್ ನಂಬರ್ ಇದೆ. ಡಿಗ್ರಿ ಲೆಕ್ಕದ 4326 ಸಿಸ್ಟಮ್ ಆದರೆ 75 ಮತ್ತು 15ರ ಅಕ್ಕಪಕ್ಕದ ಅಂಕಿ ಬರಬೇಕು. ಹಾವೇರಿ ಕಡೆ 14 ಚಿಲ್ಲರೆ. ಆನ್‌ಲೈನ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್, ಅಂದರೆ 3857 ಆದರೆ ಮೊದಲ ಅಂಕಿ 83 ಲಕ್ಷದಿಂದ ಶುರುವಾಗುತ್ತದೆ. ಇಲ್ಲೊಂದು ಎಚ್ಚರ ಬೇಕು. ವೆಬ್ ಮರ್ಕೇಟರಿನ ಎರಡನೇ ಅಂಕಿಯೂ ಹುಬ್ಬಳ್ಳಿ-ಧಾರವಾಡಕ್ಕೆ 17 ಲಕ್ಷದ ಮೇಲೇ ಬೀಳುತ್ತದೆ. ಬರೀ ಅದನ್ನು ನೋಡಿ ಯುಟಿಎಂ ಅಂದುಕೊಂಡರೆ ಕೆಟ್ಟಿತು. ಮೊದಲನೆಯದನ್ನು ನೋಡಿ.

ಹೆಸರು ಹಚ್ಚುವುದು ಬೇರೆ, ಬದಲಿಸುವುದು ಬೇರೆ

ಜನ ಜಾಸ್ತಿ ಎಡವುವುದು ಇಲ್ಲೇ. ಫೈಲಿನಲ್ಲಿ ಇರುವ ಅಂಕಿ 75.12, 15.36. ಆದರೆ ಸಿಸ್ಟಮ್ ಹೆಸರು 32643, ಅಂದರೆ ಯುಟಿಎಂ 43 ಉತ್ತರ. ಈಗ ಸಾಫ್ಟ್‌ವೇರ್ ಅದನ್ನು 75 ಮೀಟರ್, 15 ಮೀಟರ್ ಎಂದು ಓದುತ್ತದೆ. ನಿಮ್ಮ ಇಡೀ ತಾಲೂಕು ಸಮಭಾಜಕ ವೃತ್ತದ ಹತ್ತಿರ, ಹಿಂದೂ ಮಹಾಸಾಗರದಲ್ಲಿ, ಒಂದು ಚುಕ್ಕೆಯಾಗಿ ಕೂತಿರುತ್ತದೆ. ಪರದೆ ಬಿಳಿ ಕಾಣದೆ ಇನ್ನೇನು ಕಾಣುತ್ತದೆ?

ಫೈಲಿನಲ್ಲಿ ಅಂಕಿ ಸರಿ ಇದ್ದು ಹೆಸರು ಮಾತ್ರ ತಪ್ಪಿದ್ದರೆ ಹೆಸರನ್ನಷ್ಟೇ ತಿದ್ದಿ. ಓಜಿಆರ್‌ಟುಓಜಿಆರ್ ಅಥವಾ ಜಿಡಾಲ್_ಟ್ರಾನ್ಸ್‌ಲೇಟ್ ಕಮಾಂಡಿನಲ್ಲಿ -ಎ_ಎಸ್‌ಆರ್‌ಎಸ್. ಕ್ಯೂಜಿಐಎಸ್‌ನಲ್ಲಿ ಇದು ಅಸೈನ್ ಪ್ರೊಜೆಕ್ಷನ್. ಅಂಕಿಗಳನ್ನೇ ಬೇರೆ ಸಿಸ್ಟಮ್‌ಗೆ ಬದಲಿಸಬೇಕಾದರೆ ವೆಕ್ಟರಿಗೆ ಓಜಿಆರ್‌ಟುಓಜಿಆರ್, ರಾಸ್ಟರಿಗೆ ಜಿಡಾಲ್‌ವಾರ್ಪ್ ಕಮಾಂಡಿನಲ್ಲಿ -ಟಿ_ಎಸ್‌ಆರ್‌ಎಸ್, ಕ್ಯೂಜಿಐಎಸ್‌ನಲ್ಲಿ ರಿಪ್ರೊಜೆಕ್ಟ್. ಹೆಸರು ತಪ್ಪಿದ್ದಾಗ ರಿಪ್ರೊಜೆಕ್ಟ್ ಮಾಡಿದರೆ ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂರುತ್ತದೆ. ಆಮೇಲೆ ಬಿಡಿಸುವುದು ಕಷ್ಟ. ಯಾವಾಗಲೂ ಮೂಲ ಫೈಲಿನ ಕಾಪಿ ಮೇಲೆ ಕೆಲಸ ಮಾಡಿ.

ಜಿಡಾಲ್‌ವಾರ್ಪ್ ಬಳಸುವವರಿಗೆ ಇನ್ನೊಂದು ಕಾಟ. ಅದೇ ಹೆಸರಿನ ಔಟ್‌ಪುಟ್ ಫೈಲ್ ಮೊದಲೇ ಇದ್ದರೆ ಅದು ಹೊಸದನ್ನು ಮಾಡುವುದಿಲ್ಲ. ಹಳೆಯದರ ಅಳತೆಯೊಳಗೇ ಹೊಸ ಚಿತ್ರವನ್ನು ತುಂಬುತ್ತದೆ. ನೀವು ಆಪ್ಷನ್ ಬದಲಿಸಿ ಎಷ್ಟು ಸಲ ಓಡಿಸಿದರೂ ಫಲಿತಾಂಶ ಅದೇ ಇದ್ದಂತೆ ಕಾಣುತ್ತದೆ. -ಓವರ್‌ರೈಟ್ ಹಾಕಿ, ಇಲ್ಲವೇ ಹಳೆಯದನ್ನು ಅಳಿಸಿ.

ಊರು ಉತ್ತರ ಧ್ರುವದ ಕಡೆ ಹೋದರೆ

ಅಕ್ಷಾಂಶ, ರೇಖಾಂಶ ಅದಲುಬದಲಾದರೆ ಹುಬ್ಬಳ್ಳಿ ಎಲ್ಲಿಗೆ ಹೋಗುತ್ತದೆ ಗೊತ್ತಾ? 75 ಡಿಗ್ರಿ ಉತ್ತರ, 15 ಡಿಗ್ರಿ ಪೂರ್ವ. ನಾರ್ವೆಯ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಕೆಳಗಿನ ಸಮುದ್ರ. ನಿಮ್ಮ ಕೊಳವೆಬಾವಿಗಳು ಅಲ್ಲಿ ತೇಲುತ್ತಿದ್ದರೆ ಬೇರೆ ಕಾರಣ ಹುಡುಕಬೇಡಿ.

ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಫೈಲಿನಿಂದ ತಂದಿದ್ದರೆ ಎಕ್ಸ್ ಜಾಗಕ್ಕೆ ರೇಖಾಂಶದ ಕಾಲಂ ಹಾಕಿ, ಅಂದರೆ 75 ಇರುವುದು. ಪೈಥಾನ್ ಸ್ಕ್ರಿಪ್ಟಿನಲ್ಲಿ ಹೀಗಾಗಿದ್ದರೆ ಕಾರಣ ಬೇರೆ ಇರಬಹುದು. 2019ರಲ್ಲಿ ಬಂದ ಜಿಡಾಲ್ 3.0ರಿಂದ 4326 ಸಿಸ್ಟಮ್‌ನ ಅಧಿಕೃತ ಕ್ರಮವನ್ನು, ಅಂದರೆ ಮೊದಲು ಅಕ್ಷಾಂಶ ಆಮೇಲೆ ರೇಖಾಂಶ, ಲೈಬ್ರರಿ ಪಾಲಿಸುತ್ತದೆ. ಹಳೆಯ ಸ್ಕ್ರಿಪ್ಟುಗಳು ಉಲ್ಟಾ ಕ್ರಮ ನಂಬಿಕೊಂಡು ಬರೆದವು. ಅಂಥ ಕಡೆ ಸೆಟ್‌ಆಕ್ಸಿಸ್‌ಮ್ಯಾಪಿಂಗ್‌ಸ್ಟ್ರಾಟಜಿ ಕರೆದು ಸಾಂಪ್ರದಾಯಿಕ ಜಿಐಎಸ್ ಕ್ರಮ ಎಂದು ಹೇಳಬೇಕು. ಕಮಾಂಡ್ ಸಾಲಿನಲ್ಲಿ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಈ ತಾಪತ್ರಯ ಇಲ್ಲ.

ಎಲ್ಲವೂ ಸರಿ, ಆದರೆ ನೂರು ಮೀಟರ್ ಸರಿದಿದೆ

ಊರು ಊರಲ್ಲೇ ಇದೆ. ಆದರೆ ಟೋಪೋಶೀಟಿನ (ಸರ್ವೆ ಆಫ್ ಇಂಡಿಯಾದ ಅಚ್ಚಾದ ನಕ್ಷೆ ಹಾಳೆ) ಕೆರೆ ಉಪಗ್ರಹ ಚಿತ್ರದ ಕೆರೆಗೆ ಕೂರುವುದಿಲ್ಲ, ನೂರು ಮೀಟರಿಗೂ ಜಾಸ್ತಿ ಪಕ್ಕಕ್ಕೆ ಸರಿದಿದೆ. ಇದು ಡೇಟಮ್, ಅಂದರೆ ಭೂಮಿಯ ಆಕಾರ, ಸ್ಥಾನವನ್ನು ಹೇಗೆಂದು ಹಿಡಿದು ಅಳೆದರು ಅನ್ನುವುದರ ತೊಂದರೆ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಎವರೆಸ್ಟ್ ಗೋಳದ ಮೇಲೆ ಮಾಡಿದವು. ಮೂಲೆಯಲ್ಲಿ 15 ಡಿಗ್ರಿ 15 ನಿಮಿಷ ಎಂದು ಅಚ್ಚಾಗಿದೆ ಎಂದು ಅದನ್ನೇ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್84 ಡೇಟಮ್ಮಿನ ಅಂಕಿ ಎಂದು ಹೊಡೆದರೆ ಹಾಳೆ ಸರಿಯುತ್ತದೆ. ಜಿಯೋರೆಫರೆನ್ಸ್ ಮಾಡುವಾಗ, ಅಂದರೆ ಸ್ಕ್ಯಾನ್ ಮಾಡಿದ ಹಾಳೆಗೆ ಜಾಗದ ಅಂಕಿ ಹಚ್ಚುವಾಗ, ಸಿಸ್ಟಮ್ ಕಲ್ಯಾಣ್‌ಪುರ್ 1975, ಕೋಡ್ 4146 ಎಂದು ಕೊಟ್ಟು ಆಮೇಲೆ 32643ಕ್ಕೆ ಬದಲಿಸಿ.

ಹಾಳೆ ಹಳೆಯದೋ ಹೊಸದೋ ಎಂದು ನಂಬರೇ ಹೇಳುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ ಬರುವುದು ಹಳೆಯ 48ಎಂ ಗುಂಪಿನಲ್ಲಿ, ಹಾವೇರಿ 48ಎನ್‌ನಲ್ಲಿ. 2005ರ ನಕ್ಷೆ ನೀತಿಯ ನಂತರದ ಓಪನ್ ಸೀರೀಸ್ ಹಾಳೆಗಳ ನಂಬರ್ ನಮ್ಮ ಕಡೆ ಡಿ43 ಎಂದು ಶುರುವಾಗುತ್ತದೆ. ಅವು ಡಬ್ಲ್ಯುಜಿಎಸ್84 ಮೇಲೆ ಇವೆ, ಈ ಕಸರತ್ತು ಬೇಡ.

ಎಕರೆ ಲೆಕ್ಕದಲ್ಲೂ ಇದೇ ಜಾತಿಯ ಗೋಳು ಇದೆ. ಡಿಗ್ರಿಯಲ್ಲಿರುವ ಪದರದ ಮೇಲೆ ಏರಿಯಾ ಲೆಕ್ಕ ಹಾಕಿದರೆ 0.0000 ಚಿಲ್ಲರೆ ಬರುತ್ತದೆ, ತಪ್ಪು ಎಂದು ಯಾರಿಗಾದರೂ ಗೊತ್ತಾಗುತ್ತದೆ. ವೆಬ್ ಮರ್ಕೇಟರ್‌ನಲ್ಲಿ ಹಾಗಲ್ಲ. ನಮ್ಮ ಅಕ್ಷಾಂಶದಲ್ಲಿ ಅದು ವಿಸ್ತೀರ್ಣವನ್ನು ಸುಮಾರು 8 ಪರ್ಸೆಂಟ್ ಉಬ್ಬಿಸುತ್ತದೆ. 100 ಎಕರೆ 108 ಆಗುತ್ತದೆ. ನೋಡಲು ಸರಿ ಅನ್ನಿಸುವ ಅಂಕಿ, ಅದಕ್ಕೇ ಅಪಾಯ. ಪಹಣಿ ಜೊತೆ ತಾಳೆ ನೋಡುವಾಗ ರೈತರ ಮುಂದೆ ಮುಖಭಂಗ. 32643ರಲ್ಲಿ ಲೆಕ್ಕ ಹಾಕಿ, ಚದರ ಮೀಟರನ್ನು 4046.86ರಿಂದ ಭಾಗಿಸಿ.

ಕನ್ನಡ ಅಕ್ಷರ ಕೆಟ್ಟರೆ, ಹೇಗೆ ಕೆಟ್ಟಿದೆ ನೋಡಿ

ಊರ ಹೆಸರುಗಳ ಕಾಲಂ ತೆರೆದರೆ ಕಸ. ಎಲ್ಲ ಕಸವೂ ಒಂದೇ ಅಲ್ಲ, ಮದ್ದೂ ಒಂದೇ ಅಲ್ಲ.

ತಲೆ ಮೇಲೆ ಓರೆ ಗೀಟಿರುವ ಸಣ್ಣ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3, ಇವು ಮತ್ತೆ ಮತ್ತೆ ಬರುತ್ತಿದ್ದರೆ ಖುಷಿಪಡಿ. ಡೇಟಾ ಯುನಿಕೋಡ್ ಕನ್ನಡವೇ, ಯುಟಿಎಫ್-8ರಲ್ಲಿ ಇದೆ, ಓದುವ ಕ್ರಮ ಮಾತ್ರ ತಪ್ಪಿದೆ. ಶೇಪ್‌ಫೈಲ್ ಅಂದರೆ ವೆಕ್ಟರ್ ಡೇಟಾ ಇಡುವ, ಒಂದೇ ಹೆಸರಿನ ಹಲವು ಫೈಲುಗಳ ಕಟ್ಟು. ಅದರ ಜೊತೆ ಬರಬೇಕಾದ ಸಿಪಿಜಿ ಅನ್ನುವ ಚಿಕ್ಕ ಫೈಲ್ ಎಲ್ಲೋ ಕಳೆದಿರುತ್ತದೆ. ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಎಂದು ಒಂದೇ ಸಾಲು ಬರೆದು, ಶೇಪ್‌ಫೈಲಿನ ಹೆಸರಲ್ಲೇ ಸಿಪಿಜಿ ಬಾಲ ಹಚ್ಚಿ ಪಕ್ಕದಲ್ಲಿಡಿ. ಮುಗಿಯಿತು. ಕ್ಯೂಜಿಐಎಸ್‌ನಲ್ಲಿ ಲೇಯರ್ ಪ್ರಾಪರ್ಟೀಸ್‌ನ ಸೋರ್ಸ್ ಪುಟದಲ್ಲಿ ಎನ್‌ಕೋಡಿಂಗ್ ಬದಲಿಸಿದರೂ ಆಗುತ್ತದೆ.

ಇಂಗ್ಲಿಷ್ ಅಕ್ಷರ, ಕಾಲು ಅರ್ಧ ಭಿನ್ನರಾಶಿ, ಯುರೋಪಿನ ಚುಕ್ಕೆ ಅಕ್ಷರ ಎಲ್ಲ ಕಲಸಿದಂತೆ ಇದ್ದು, ಹೀಗೆ ಒಂದೇ ಜೋಡಿ ಮರುಕಳಿಸದಿದ್ದರೆ ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಹೊಡೆದದ್ದು. ಇಲ್ಲಿ ಎನ್‌ಕೋಡಿಂಗ್ ಎಷ್ಟು ಬದಲಿಸಿದರೂ ಪ್ರಯೋಜನ ಇಲ್ಲ. ಆ ಕಾಲಮನ್ನು ಸಿಎಸ್‌ವಿಗೆ ತೆಗೆದು, ಯುನಿಕೋಡ್ ಪರಿವರ್ತಕದಲ್ಲಿ ಹಾಯಿಸಿ, ಒಂದು ಐಡಿ ಕಾಲಂ ಹಿಡಿದು ವಾಪಸ್ ಜೋಡಿಸಬೇಕು. ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಹೆಸರುಗಳನ್ನು ಕಣ್ಣಿಂದಲೇ ಒಮ್ಮೆ ಓದಿ.

ಬರೀ ಪ್ರಶ್ನೆ ಚಿಹ್ನೆ ಸಾಲಾಗಿ ಇದ್ದರೆ ಅಕ್ಷರ ಹೋಯಿತು ಎಂದೇ ಲೆಕ್ಕ. ಎಕ್ಸೆಲ್‌ನಲ್ಲಿ ಸಾದಾ ಸಿಎಸ್‌ವಿ ಎಂದು ಸೇವ್ ಮಾಡಿದಾಗ ಹೀಗಾಗುತ್ತದೆ. ಮೂಲ ಫೈಲಿಗೆ ಹೋಗಿ ಸಿಎಸ್‌ವಿ ಯುಟಿಎಫ್-8 ಆಯ್ಕೆಯಿಂದ ಮತ್ತೆ ತೆಗೆಯಿರಿ. ಚೌಕ ಡಬ್ಬಿ ಕಂಡರೆ ಫಾಂಟ್ ಇಲ್ಲ, ಅಷ್ಟೇ.

ಇನ್ನೊಂದು ಹೆಸರು ತುಂಡಾಗುವ ಕಾಟ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಹುಬ್ಬಳ್ಳಿ ಅನ್ನುವುದರಲ್ಲಿ ಕೊಂಬು, ಗುಡಿಸು, ಎರಡು ವಿರಾಮ ಸೇರಿ 9 ಚಿಹ್ನೆ, ಅಂದರೆ 27 ಬೈಟ್. ಶೇಪ್‌ಫೈಲಿನ ಕಾಲಂ ಅಗಲ ಬೈಟಿನಲ್ಲಿ ಎಣಿಸುವುದು. ಅಗಲ 20 ಎಂದು ಇಟ್ಟರೆ ಉಳಿಯುವುದು "ಹುಬ್ಬಳ". ಕಾಲಮ್ಮಿನ ಹೆಸರಿಗೂ 10 ಬೈಟಿನ ಮಿತಿ, ಕನ್ನಡದಲ್ಲಿ ಮೂರೇ ಚಿಹ್ನೆ. ಶೇಪ್‌ಫೈಲ್ ಬಿಟ್ಟು ಜಿಯೋಪ್ಯಾಕೇಜಿಗೆ ಬನ್ನಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಒಂದೇ ಫೈಲ್, ಉದ್ದ ಹೆಸರು, ಕನ್ನಡಕ್ಕೆ ತೊಂದರೆ ಇಲ್ಲ. ಆದರೆ ಕ್ಯೂಜಿಐಎಸ್ ಮುಚ್ಚಿದ ಮೇಲೇ ಅದನ್ನು ಪೆನ್‌ಡ್ರೈವಿಗೆ ಹಾಕಿ. ತೆರೆದಿರುವಾಗ ಪಕ್ಕದಲ್ಲಿ ಡಬ್ಲ್ಯುಎಎಲ್ ಎಂದು ಕೊನೆಯಾಗುವ ಒಂದು ಫೈಲ್ ಇರುತ್ತದೆ, ನೀವು ಈಗಷ್ಟೇ ಮಾಡಿದ ತಿದ್ದುಪಡಿ ಅದರಲ್ಲಿ ಉಳಿದಿರಬಹುದು.

ಯಾರಾದರೂ ಈಮೇಲಿನಲ್ಲಿ ಶೇಪ್‌ಫೈಲಿನ ಕಟ್ಟಿನಿಂದ ಎಸ್‌ಎಚ್‌ಪಿ ಒಂದನ್ನೇ ಕಳಿಸಿದರೆ ಎಸ್‌ಎಚ್‌ಎಕ್ಸ್ ಇಲ್ಲ ಎಂಬ ದೋಷ ಬರುತ್ತದೆ. ಶೇಪ್_ರಿಸ್ಟೋರ್_ಎಸ್‌ಎಚ್‌ಎಕ್ಸ್ ಅನ್ನು ಯೆಸ್ ಎಂದು ಇಟ್ಟರೆ ಜಿಡಾಲ್ ಅದನ್ನು ತಾನೇ ಕಟ್ಟಿಕೊಡುತ್ತದೆ. ಕಾಲಂಗಳಿರುವ ಡಿಬಿಎಫ್ ಇಲ್ಲದಿದ್ದರೆ ಮಾತ್ರ ಸರ್ವೆ ನಂಬರು, ಹೆಸರು ಯಾವುದೂ ಇಲ್ಲ. ಕಳಿಸಿದವರಿಗೇ ಫೋನ್ ಮಾಡಿ.

ರಾಸ್ಟರ್ ಕಪ್ಪಾಗಿದೆ, ಅಥವಾ ಲೆಕ್ಕ ಹುಚ್ಚಾಗಿದೆ

ಕಪ್ಪು ಚಿತ್ರ ಕಂಡ ಕೂಡಲೇ ಮತ್ತೆ ಡೌನ್‌ಲೋಡ್ ಮಾಡಲು ಹೋಗಬೇಡಿ. ಜಿಡಾಲ್‌ಇನ್ಫೋಗೆ -ಎಂಎಂ ಸೇರಿಸಿ ಕನಿಷ್ಠ, ಗರಿಷ್ಠ ಬೆಲೆ ನೋಡಿ. ಎತ್ತರದ ಮಾದರಿಯಲ್ಲಿ ಕನಿಷ್ಠ -32768 ಎಂದಿದ್ದರೆ ಅದು ಡೇಟಾ ಇಲ್ಲದ ಜಾಗದ ಗುರುತು, ಯಾರೂ ನೋಡೇಟಾ ಎಂದು ಹೇಳಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡ ಸುಮಾರು 600ರಿಂದ 750 ಮೀಟರ್ ಎತ್ತರ. -32768ರಿಂದ 750ರವರೆಗೆ ಬಣ್ಣ ಹರಡಿದರೆ ಊರೆಲ್ಲ ಒಂದೇ ಬಣ್ಣ ಆಗದೆ ಏನು? ಜಿಡಾಲ್_ಟ್ರಾನ್ಸ್‌ಲೇಟ್‌ನಲ್ಲಿ -ಎ_ನೋಡೇಟಾ -32768 ಕೊಡಿ.

ಎಸ್‌ಆರ್‌ಟಿಎಂ ಎಂಬ ಎತ್ತರದ ಮಾದರಿ (ಒಂದೊಂದು ಡಿಗ್ರಿಯ ಟೈಲುಗಳಲ್ಲಿ ಬರುತ್ತದೆ) ಬಳಸುವವರು ಗಮನಿಸಿ: ಧಾರವಾಡ ಶಹರ ಎನ್15ಇ075 ಟೈಲಿನ ಎಡ ಅಂಚಿಗೆ ಅಂಟಿಕೊಂಡಿದೆ. ಅಳ್ನಾವರ, ಕಲಘಟಗಿ ಪಕ್ಕದ ಎನ್15ಇ074ರಲ್ಲಿ ಬರುತ್ತವೆ. ಹಾವೇರಿ ಎನ್14ಇ075. ಜಲಾನಯನದ ಕೆಲಸಕ್ಕೆ ಒಂದೇ ಟೈಲ್ ಹಾಕಿದರೆ ಹಳ್ಳ ಅಂಚಿನಲ್ಲಿ ಕತ್ತರಿಸಿದಂತೆ ನಿಲ್ಲುತ್ತದೆ. ಜಿಡಾಲ್‌ಬಿಲ್ಡ್‌ವಿಆರ್‌ಟಿ ಬಳಸಿ ಮೊದಲು ಜೋಡಿಸಿ, ಆಮೇಲೆ ಹಳ್ಳ ಹುಡುಕಿ.

ಈಗ ಎನ್‌ಡಿವಿಐ, ಬೆಳೆಯ ಹಸಿರು ಅಳೆಯುವ ಲೆಕ್ಕ. ಬೆಲೆ -1ರಿಂದ 1ರ ಒಳಗೆ ಇರಬೇಕು. ಜಿಡಾಲ್_ಕ್ಯಾಲ್ಕ್‌ನಲ್ಲಿ ಮಾಡಿದವರಿಗೆ ಕೆಲವು ಕಡೆ ವಿಚಿತ್ರ ದೊಡ್ಡ ಅಂಕಿ ಬರುತ್ತದೆ, ಅದೂ ಕೆರೆಯ ನೀರಿನ ಮೇಲೇ. ಕಾರಣ ಇಷ್ಟೇ. ಸೆಂಟಿನೆಲ್-2 ಉಪಗ್ರಹದ ಬೆಲೆಗಳು 16 ಬಿಟ್‌ನ ಧನ ಸಂಖ್ಯೆಗಳು, ಋಣ ಅವುಗಳಿಗೆ ಗೊತ್ತಿಲ್ಲ. ಅತಿಗೆಂಪಿನ 1200ರಲ್ಲಿ ಕೆಂಪಿನ 1500 ಕಳೆದರೆ -300 ಬದಲು 65236 ಬರುತ್ತದೆ, ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿ 12 ದಾಟಿದ ಹಾಗೆ. ನೀರಿನಲ್ಲಿ ಅತಿಗೆಂಪು ಬೆಲೆ ಕೆಂಪಿಗಿಂತ ಕಡಿಮೆ ಇರುವುದರಿಂದ ಅಲ್ಲೇ ಸಿಕ್ಕಿಬೀಳುತ್ತದೆ. ಲೆಕ್ಕದಲ್ಲಿ ಪ್ರತಿ ಬ್ಯಾಂಡಿಗೂ ಆಸ್‌ಟೈಪ್ ಫ್ಲೋಟ್ ಹಚ್ಚಿ, ಔಟ್‌ಪುಟ್ ಟೈಪ್ ಫ್ಲೋಟ್32 ಎಂದು ಕೊಡಿ.

ಹಳೆಯ ವರ್ಷದ ಜೊತೆ ಹೋಲಿಸುವವರಿಗೆ ಇದಕ್ಕಿಂತ ನುಣುಪಾದ ಬಲೆ ಇನ್ನೊಂದಿದೆ. 2022ರ ಜನವರಿ 25ರಿಂದ ಸೆಂಟಿನೆಲ್-2 ಡೇಟಾ ತಯಾರಿಸುವ ಕ್ರಮ ಬದಲಾಗಿ ಎಲ್ಲ ಬೆಲೆಗೂ 1000 ಕೂಡಿಸಿ ಕೊಡುತ್ತಾರೆ. ಅದನ್ನು ಕಳೆಯದೆ 2021ರ ಹಿಂಗಾರಿಯನ್ನು 2022ರ ಹಿಂಗಾರಿ ಜೊತೆ ಇಟ್ಟರೆ ಗದಗಿನ ಎರೆ ಹೊಲಗಳಲ್ಲಿ ಬೆಳೆ ದಿಢೀರ್ ಸೊರಗಿದಂತೆ ಕಾಣುತ್ತದೆ. ಬರ ಬಂದಿತ್ತು ಎಂದು ವರದಿ ಬರೆಯುವ ಮೊದಲು ಮೆಟಾಡೇಟಾ ಫೈಲಿನಲ್ಲಿ ಪ್ರೊಸೆಸಿಂಗ್ ಬೇಸ್‌ಲೈನ್ ನೋಡಿ. 04.00 ಅಥವಾ ಹೆಚ್ಚಿದ್ದರೆ 1000 ಕಳೆಯಿರಿ. ಕೆಲವು ತಾಣಗಳು ಕಳೆದೇ ಕೊಡುತ್ತವೆ, ಅದನ್ನೂ ಖಾತ್ರಿ ಮಾಡಿಕೊಳ್ಳಿ.

ಬೆಳೆ ನಕ್ಷೆಯ ಪಿಕ್ಸೆಲ್ ಅಳತೆ ಬದಲಿಸುವಾಗ ಬೈಲಿನಿಯರ್ (ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ) ಹಾಕಬೇಡಿ. ಹತ್ತಿಗೆ 2, ಗೋವಿನಜೋಳಕ್ಕೆ 3, ಮೆಣಸಿನಕಾಯಿಗೆ 4 ಎಂದು ಕೋಡ್ ಇಟ್ಟಿದ್ದೀರಿ ಅನ್ನಿ. ಹತ್ತಿ ಮತ್ತು ಮೆಣಸಿನಕಾಯಿ ಹೊಲದ ನಡುವಿನ ಬದುವಿನಲ್ಲಿ ಸರಾಸರಿ 3 ಬಂದು ಗೋವಿನಜೋಳ ಬೆಳೆದುಬಿಡುತ್ತದೆ. ಬಿತ್ತದೆ ಬೆಳೆಯುವ ಗೋವಿನಜೋಳ! ಕೋಡ್ ಇರುವ ರಾಸ್ಟರಿಗೆ -ಆರ್ ನಿಯರ್, ಅದು ಹತ್ತಿರದ ಒಂದೇ ಪಿಕ್ಸೆಲ್‌ನ ಬೆಲೆ ತೆಗೆದುಕೊಳ್ಳುತ್ತದೆ. ಎತ್ತರ, ಮಳೆಯಂಥ ಬೆಲೆಗಳಿಗೆ ಬೈಲಿನಿಯರ್ ಸರಿ.

ಫೈಲ್ 4 ಜಿಬಿ ದಾಟುವಾಗ ನಿಂತುಹೋದರೆ ಸಾದಾ ಟಿಫ್‌ನ ಮಿತಿ ಮುಟ್ಟಿದ್ದೀರಿ. -ಸಿಒ ಬಿಗ್‌ಟಿಫ್=ಯೆಸ್ ಸೇರಿಸಿ. ಜೊತೆಗೆ ಕಂಪ್ರೆಸ್=ಡಿಫ್ಲೇಟ್, ಟೈಲ್ಡ್=ಯೆಸ್ ಕೊಟ್ಟರೆ ಡಿಸ್ಕ್ ಉಳಿಯುತ್ತದೆ. ದೊಡ್ಡ ಚಿತ್ರ ಜೂಮ್ ಮಾಡಿದಾಗಲೆಲ್ಲ ಒದ್ದಾಡಿದರೆ ಜಿಡಾಲ್‌ಆಡ್‌ಒ ಓಡಿಸಿ ಓವರ್‌ವ್ಯೂ, ಅಂದರೆ ಚಿತ್ರದ ಕಿರು ಪ್ರತಿಗಳನ್ನು ಕಟ್ಟಿ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆ ಅದಾದ ಮೇಲೆ ಮಾಡಿದರಾಯಿತು.

ಗಡಿ ತನ್ನನ್ನೇ ಕತ್ತರಿಸಿಕೊಂಡರೆ

ಕ್ಲಿಪ್ ಅಥವಾ ಇಂಟರ್‌ಸೆಕ್ಟ್ ಅರ್ಧಕ್ಕೆ ನಿಂತು ಇನ್‌ವ್ಯಾಲಿಡ್ ಜಿಯಾಮೆಟ್ರಿ ಅಂದರೆ ಯಾವುದೋ ಹೊಲದ ಗೆರೆ ತನ್ನ ಮೇಲೇ ಹಾದುಹೋಗಿದೆ. ಕ್ಯೂಜಿಐಎಸ್‌ನ ಫಿಕ್ಸ್ ಜಿಯಾಮೆಟ್ರೀಸ್ ಓಡಿಸಿ, ಅಥವಾ ಓಜಿಆರ್‌ಟುಓಜಿಆರ್‌ಗೆ -ಮೇಕ್‌ವ್ಯಾಲಿಡ್ ಕೊಡಿ. ಸರಿಪಡಿಸಿದ ಮೇಲೆ ವಿಸ್ತೀರ್ಣ ಹಳೆಯದರ ಜೊತೆ ತಾಳೆ ನೋಡಿ, ಕೆಲವೊಮ್ಮೆ ಗುಂಟೆಗಟ್ಟಲೆ ಮಾಯ ಆಗಿರುತ್ತದೆ. -ಸ್ಕಿಪ್‌ಫೇಲ್ಯೂರ್ಸ್ ಹಾಕುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಅದು ತಪ್ಪಿರುವ ಹೊಲಗಳನ್ನು ಸುಮ್ನೆ ಕೈಬಿಡುತ್ತದೆ, ಯಾರ ಹೊಲ ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಪ್ರೊಜ್ ಡಿಬಿ ಸಿಗುತ್ತಿಲ್ಲ ಅಂದರೆ

ಪ್ರೊಜ್ ಅನ್ನುವುದು ಅಂಕಿಗಳನ್ನು ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಬದಲಿಸುವ ಲೈಬ್ರರಿ, ಪ್ರೊಜ್.ಡಿಬಿ ಅದರ ಸಿಸ್ಟಮ್‌ಗಳ ಪಟ್ಟಿ. ನಿನ್ನೆ ಓಡಿದ್ದು ಇವತ್ತು ಓಡುತ್ತಿಲ್ಲ, ಪ್ರೊಜ್.ಡಿಬಿ ಸಿಗುತ್ತಿಲ್ಲ ಅಥವಾ ಬೇರೆ ಪ್ರೊಜ್ ಇನ್‌ಸ್ಟಾಲೇಷನ್‌ಗೆ ಸೇರಿದ್ದು ಎಂದು ಕೆಂಪಕ್ಷರ ಬರುತ್ತಿದೆ. ನಡುವೆ ಏನು ಹಾಕಿಕೊಂಡಿರಿ, ನೆನಪಿಸಿಕೊಳ್ಳಿ. ವಿಂಡೋಸ್‌ನಲ್ಲಿ ಪೋಸ್ಟ್‌ಜಿಐಎಸ್ ಎಂಬ ನಕ್ಷೆ ಡೇಟಾಬೇಸ್ ಹಾಕುವಾಗ ಅದು ಪ್ರೊಜ್_ಲಿಬ್, ಜಿಡಾಲ್_ಡೇಟಾ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು ತನ್ನ ಫೋಲ್ಡರಿಗೆ ತಿರುಗಿಸಬಹುದು. ಆಮೇಲೆ ಉಳಿದ ಸಾಫ್ಟ್‌ವೇರ್‌ಗಳೆಲ್ಲ ಅಲ್ಲೇ ಹುಡುಕುತ್ತವೆ. ಪ್ರೊಜ್ 9.1ರಿಂದ ಪ್ರೊಜ್_ಡೇಟಾ ಎಂಬ ಹೊಸ ಹೆಸರೂ ಇದೆ. ಇವನ್ನು ಆ ಕಿಟಕಿಯ ಮಟ್ಟಿಗೆ ಅಳಿಸಿ ಓಡಿಸಿ ನೋಡಿ. ಪೈಥಾನ್‌ಗೆ ಪಿಪ್‌ನಿಂದ ಜಿಡಾಲ್ ಹಾಕಲು ಹೆಣಗುವುದಕ್ಕಿಂತ ಕೊಂಡಾ-ಫೋರ್ಜ್‌ನಿಂದ ಬೇರೆ ಎನ್ವಿರಾನ್ಮೆಂಟ್ ಮಾಡಿ ಹಾಕುವುದು ಎಷ್ಟೋ ವಾಸಿ. ಉಬುಂಟುವಿನಲ್ಲಿ ಜಿಡಾಲ್-ಬಿನ್ ಮತ್ತು ಪೈಥಾನ್3-ಜಿಡಾಲ್ ಸಾಕು.

ಆಗಲೂ ಬಗೆಹರಿಯದಿದ್ದರೆ

ಸಿಪಿಎಲ್_ಡೀಬಗ್ ಆನ್ ಮಾಡಿ ಅದೇ ಕಮಾಂಡ್ ಮತ್ತೆ ಓಡಿಸಿ, ಒಳಗೆ ಏನು ನಡೆಯುತ್ತಿದೆ ಎಂದು ಸಾಲುಸಾಲಾಗಿ ಹೇಳುತ್ತದೆ. ಸಹಾಯ ಕೇಳುವಾಗ ಫೋಟೋ ಬೇಡ. ಓಡಿಸಿದ ಕಮಾಂಡ್ ಪೂರ್ತಿ, ಬಂದ ದೋಷದ ಪಠ್ಯ, ಜಿಡಾಲ್‌ಇನ್ಫೋ --ವರ್ಷನ್ ಕೊಟ್ಟ ಉತ್ತರ, ಮತ್ತು ತೊಂದರೆ ಕಾಣುವ ಒಂದು ಚಿಕ್ಕ ಫೈಲ್ ಕಳಿಸಿ. ಇಡೀ ಜಿಲ್ಲೆ ಬೇಕಿಲ್ಲ. ಓಜಿಆರ್‌ಟುಓಜಿಆರ್‌ಗೆ -ಲಿಮಿಟ್ 5 ಕೊಟ್ಟರೆ ಐದು ಹೊಲಗಳಷ್ಟೇ ಬೇರೆ ಫೈಲಿಗೆ ಬರುತ್ತವೆ. ಆ ಐದರಲ್ಲಿ ತೊಂದರೆ ಕಾಣದಿದ್ದರೆ -ವೇರ್ ಹಾಕಿ ತೊಂದರೆ ಇರುವ ಸರ್ವೆ ನಂಬರನ್ನೇ ಆರಿಸಿ. ಜೊತೆಗೆ -ಸೆಲೆಕ್ಟ್ ಬಳಸಿ ಬೇಕಾದ ಕಾಲಂ ಮಾತ್ರ ಇಟ್ಟುಕೊಳ್ಳಿ. ಪಹಣಿದಾರರ ಹೆಸರು, ಮೊಬೈಲ್ ನಂಬರ್ ಇರುವ ಕಾಲಂ ತೆಗೆದೇ ಕಳಿಸಿ.